ಉದ್ದವ್ವ ಉಂಡ ಹುಗ್ಗಿ

೨೦೦೩ರ ಏಪ್ರಿಲ್ ತಿಂಗಳ ಒಂದು ಸೋಮವಾರ, ಗೋಕಾಕದ ಒಂದು ಕಾಲೇಜಿನ ಸಭಾಂಗಣದಲ್ಲಿ ನಲವತ್ತು ಮಂದಿಯ ಎದುರು ನಿಂತು ಕಮಲಾಬಾಯಿ ತಾನು ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸದ ಕತೆ ಹೇಳಿದಳು. ಮೂವತ್ತು ವರ್ಷಗಳಿಂದ ಅದನ್ನು ಅವಳು ಹೇಳುತ್ತಲೇ ಬಂದಿದ್ದಳು. ಮಹಿಳಾ ಮಂಡಲದಲ್ಲಿ ಹೇಳಿದ್ದಳು, ಬಸದಿಯ ಕಟ್ಟೆಯ ಮೇಲೆ ಹೇಳಿದ್ದಳು, ಸೊಸೆ ಭಕ್ತಿ ಹೊಸದಾಗಿ ಮನೆಗೆ ಬಂದಾಗ ಹೇಳಿದ್ದಳು. ಮೈಕಿನ ಮುಂದೆ ಹೇಳಿದ್ದು ಮಾತ್ರ ಅದೇ ಮೊದಲು.

ಆ ವರ್ಷ ಮತ್ತೆ ಮಳೆ ಕೈಕೊಟ್ಟಿತ್ತು. ಮೂಡಲಗಿ ಕಡೆಯ, ಕಾಲುವೆ ನೀರು ಮುಟ್ಟದ ಹಳ್ಳಿಗಳಲ್ಲಿ ಗಂಜಿ ಕೇಂದ್ರ ತೆರೆಯಲು ಒಂದು ಸೇವಾ ಸಂಸ್ಥೆ ಮುಂದೆ ಬಂದು, ಅಡುಗೆ ಮಾಡುವ, ಬಡಿಸುವ ಸ್ವಯಂಸೇವಕರಿಗೆ ಎರಡು ದಿನದ ತರಬೇತಿ ಇಟ್ಟಿತ್ತು. ಹುಕ್ಕೇರಿ ತಾಲೂಕಿನ ಕಣಗಲಾದ ಕಮಲಾಬಾಯಿ ಮತ್ತು ಅವಳ ಗಂಡ ತಾತ್ಯಾಸಾಹೇಬರು ೧೯೭೨ರ ಬರದಲ್ಲಿ ತಮ್ಮ ಮನೆಯಂಗಳದಲ್ಲೇ ಏಳು ತಿಂಗಳು ಗಂಜಿ ಕೇಂದ್ರ ನಡೆಸಿದವರು. ಅನುಭವದ ನಾಲ್ಕು ಮಾತು ಆಡಲಿ ಎಂದು ಅವಳನ್ನು ಕರೆಸಿದ್ದರು.

“ಆಗ ನನಗ ಇಪ್ಪತ್ನಾಕು ವರ್ಷ,” ಎಂದು ಅವಳು ಶುರುಮಾಡಿದಳು. “ದಿನಾ ಇನ್ನೂರು ಮಂದಿ ಸಾಲು ಹಚ್ಚತಿದ್ರು. ಪರದೇಶದಿಂದ ಬಂದ ಕೆಂಪು ಜೋಳದ ಅಂಬಲಿ, ಒಬ್ಬೊಬ್ಬರಿಗೆ ಒಂದ ಸೌಟು. ಒಂದಿನ ಈ ಮೂಡಲಗಿ ಕಡೆ ಕುರಿಗಾರ ಮಂದಿ ಬಂದ್ರು. ಕುರಿ ಎಲ್ಲಾ ದಾರಿಮ್ಯಾಲ ಸತ್ತಿದ್ವು. ಅವರಾಗ ಸತ್ತೆವ್ವ ಅಂತ ಒಬ್ಬಾಕಿ. ಆಕಿ ಮಗಳು ಉದ್ದವ್ವ. ನಾಕ ವರ್ಷದ ಕೂಸು, ಎತ್ತಿಕೊಂಡ್ರ ಕೈಯಾಗ ತೂಕಾನ ಇಲ್ಲ. ಅವತ್ತ ನನ್ನ ಮಗ ಸಮ್ಮೇದಗ ಒಂದ ವರ್ಷ ತುಂಬಿತ್ತು. ಮನ್ಯಾಗ ಗೋಧಿ ಹುಗ್ಗಿ ಮಾಡಿದ್ದೆ. ಆ ಕೂಸು ನನ್ನ ಸೌಟಿನ ಕಡೆ ನೋಡಿಕೊಂಡು ನಿಂತದ್ದು ಕಂಡು ನನಗ ತಡಕೊಳ್ಳಾಕ ಆಗಲಿಲ್ಲ. ಒಳಗ ಕರಕೊಂಡ ಹೋದೆ. ಬೆಲ್ಲದ ಹುಗ್ಗಿ, ಮ್ಯಾಲ ತುಪ್ಪ, ಅದರ ಮ್ಯಾಲ ಹಾಲು. ಮೂರು ಬಟ್ಟಲ ಉಂಡಳ್ರಿ. ಉಂಡು ನಕ್ಕಳು.”

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ಪಾಪ, ಆಕಿ ಆಯುಷ್ಯ ಅಷ್ಟ ಇತ್ತು. ಮೂರನೇ ದಿನಾ ಹೋಗಿಬಿಟ್ಟಳು. ಆದ್ರ ಹಸಕೊಂಡು ಹೋಗಲಿಲ್ಲ, ಹೊಟ್ಟಿ ತುಂಬ ಉಂಡು ಹೋದಳು. ಅದೊಂದ ನನಗ ಸಮಾಧಾನ. ನಮ್ಮ ಯಜಮಾನ್ರು ಅದರ ಮರುದಿನಾನ, ಇನ್ನ ಯಾರನ್ನೂ ಒಳಗ ಕರದು ಉಣಸಬಾರದು ಅಂತ ಅಪ್ಪಣಿ ಮಾಡಿದ್ರು. ನಾ ಅವರ ಜೋಡಿ ಎರಡ ತಿಂಗಳ ಮಾತಾಡಲಿಲ್ಲ. ನಿಮಗ ನಾ ಹೇಳೂದಿಷ್ಟ. ಬಡಸುವಾಗ ಅಳತಿ ನೋಡಬ್ಯಾಡ್ರಿ.”

ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಡಾಕ್ಟರ್ ವಿದ್ಯಾ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಕಲಿತವರಿಗೆ ಬಿಗುಮಾನ ಜಾಸ್ತಿ ಎಂದುಕೊಳ್ಳುತ್ತ ಕಮಲಾಬಾಯಿ ಕೆಳಗಿಳಿದು ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತಳು.

ಮುಂದಿನ ಪಾಠ ವಿದ್ಯಾಳದ್ದು. ಗೋಕಾಕದ್ದೇ ಹೆಣ್ಣುಮಗಳು. ಒರಿಸ್ಸಾದಲ್ಲಿ, ಆಮೇಲೆ ಆಫ್ರಿಕಾದ ಬರಗಾಲದ ಶಿಬಿರಗಳಲ್ಲಿ ಒಟ್ಟು ಎಂಟು ವರ್ಷ ಕೆಲಸ ಮಾಡಿ ಬಂದವಳು. ಅವಳು ಎದ್ದು ಹೋಗಿ ವ್ಯವಸ್ಥಾಪಕರ ಕಿವಿಯಲ್ಲಿ ಏನೋ ಹೇಳಿದಳು. ಅವರು ಗಡಿಯಾರ ತೋರಿಸಿ ಆಗುವುದಿಲ್ಲವೆಂದು ತಲೆ ಆಡಿಸಿದರು. ವಿದ್ಯಾ ಕಮಲಾಬಾಯಿಯ ಬಳಿಗೆ ಬಂದು ಬಗ್ಗಿ, “ಕಾಕೂ, ಬಿಸಲಾಗ ಬಂದೀರಿ, ದಣಿವಾಗಿರಬೇಕು. ಬಾಜೂ ಖೋಲ್ಯಾಗ ಚಾ ಐತಿ. ಸ್ವಲ್ಪ ಹೊತ್ತು ಅಲ್ಲೆ ಕುಂದರ್ರಿ,” ಎಂದಳು.

“ಇಲ್ರಿ ಬಾಯಿ, ನನಗೇನ ದಣಿವಿಲ್ಲ. ನಾನೂ ನಾಕ ಮಾತು ಕಲೀತೇನಿ,” ಎಂದಳು ಕಮಲಾಬಾಯಿ.

ವಿದ್ಯಾ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಪ್ರೊಜೆಕ್ಟರಿನ ದೀಪ ಹಚ್ಚಿದಳು.

ಗೋಡೆಯ ಮೇಲೆ ಹಳೆಯ ಚಿತ್ರಗಳು ಒಂದೊಂದಾಗಿ ಬಂದವು. ಧಾತು ಸಂವತ್ಸರದ, ಅಂದರೆ ೧೮೭೬ರ ಬರದಲ್ಲಿ ಒಂದು ಹೊತ್ತಿನ ಕಾಳಿಗಾಗಿ ಕಲ್ಲು ಒಡೆಯುತ್ತಿದ್ದ ಎಲುಬಿನ ಗೂಡುಗಳು. ಸಾವಿರದ ಒಂಬೈನೂರ ನಲವತ್ಮೂರರ ಬಂಗಾಳ, ಕಲ್ಕತ್ತೆಯ ರಸ್ತೆ. ಆಮೇಲೆ ಯುರೋಪಿನ ಒಂದು ತಂತಿಬೇಲಿ, ಅದರ ಹಿಂದೆ ಪಟ್ಟೆ ಅಂಗಿಯ ಜನ.

“ಯುದ್ಧ ಮುಗೀತು. ಸೈನಿಕರು ಸೆರೆಶಿಬಿರದ ಬಾಗಿಲ ತಗದ್ರು,” ಎಂದಳು ವಿದ್ಯಾ. “ಒಳಗಿದ್ದವರನ್ನ ನೋಡಿ ಅವರಿಗೆ ಕರುಳ ಚುರ್ ಅಂತು. ತಮ್ಮ ಜೋಡಿ ಇದ್ದ ಚಾಕಲೇಟು, ಡಬ್ಬಿ ಮಾಂಸ, ಹಾಲು ಎಲ್ಲಾ ಕೊಟ್ಟುಬಿಟ್ರು. ತಿಂದವರೊಳಗ ಎಷ್ಟೋ ಮಂದಿ ಸತ್ತರು. ಹಸಿವಿನಿಂದ ಅಲ್ಲ, ಉಂಡದ್ದರಿಂದ.”

ಸಭಾಂಗಣದಲ್ಲಿ ಯಾರೋ ‘ಅಯ್ಯ’ ಎಂದರು. ವಿದ್ಯಾ ಗೋಡೆಯ ಕಡೆಗೇ ಮುಖಮಾಡಿ ನಿಂತಿದ್ದಳು.

“ಬಹಳ ದಿನ ಉಪವಾಸ ಬಿದ್ದ ದೇಹ, ಅದರಾಗೂ ಸಣ್ಣ ಕೂಸಿನ ದೇಹ, ಇದ್ದಬಿದ್ದದ್ದೆಲ್ಲಾ ಕರಗಿಸಿಕೊಂಡು ಜೀವಾ ಹಿಡದಿರ್ತೈತಿ. ಗುಂಡಿಗಿ ಸಣ್ಣದಾಗಿರ್ತೈತಿ. ಅದರಾಗ ಒಮ್ಮಿಂದೊಮ್ಮೆಲೆ ಸಿಹಿ ಬಿತ್ತಂದ್ರ ರಕ್ತದಾಗಿನ ಲವಣ ಎಲ್ಲಾ ಏರುಪೇರು ಆಗತಾವು. ಅದಕ್ಕ ಮೊದಲನೇ ವಾರ ಇಷ್ಟಿಷ್ಟ, ಅಳತಿ ಮಾಡಿ, ಎರಡೆರಡು ತಾಸಿಗೊಮ್ಮೆ. ಕೂಸು ಎಷ್ಟ ಅತ್ರೂ ಹೆಚ್ಚು ಕೊಡಬಾರದು. ಕೊಟ್ರ ಒಂದೆರಡು ದಿನದಾಗ ಪಾದ ಬಾಯತಾವು, ಮಾರಿ ಬಾಯತೈತಿ, ಉಸಿರ ಮ್ಯಾಲಕ್ಕ ಹತ್ತತೈತಿ. ಆಮ್ಯಾಲ ಗುಂಡಿಗಿ ನಿಲ್ಲತೈತಿ. ಯಾರಿಗೂ ತಿಳಿಯೂದಿಲ್ಲ. ಜ್ವರ ಅಂತಾರ. ಆಯುಷ್ಯ ಅಷ್ಟ ಇತ್ತು ಅಂತಾ…”

ಅವಳು ತುಟಿ ಕಚ್ಚಿದಳು. ಆದರೆ ಮಾತು ಹೊರಬಿದ್ದಾಗಿತ್ತು.

ಎರಡನೇ ಸಾಲಿನಲ್ಲಿದ್ದ ಪದ್ಮವ್ವ ಎಂಬ ಅಂಗನವಾಡಿ ಕಾರ್ಯಕರ್ತೆ ಮೊದಲು ಕತ್ತು ಹೊರಳಿಸಿ ಕಮಲಾಬಾಯಿಯನ್ನು ನೋಡಿದಳು. ಆಮೇಲೆ ಅವಳ ಪಕ್ಕದವಳು ನೋಡಿದಳು. ಆಮೇಲೆ ಎಲ್ಲರೂ.

ಕಮಲಾಬಾಯಿಗೆ ಅವರೆಲ್ಲ ತನ್ನನ್ನು ಯಾಕೆ ನೋಡುತ್ತಿದ್ದಾರೆಂದು ತಕ್ಷಣ ತಿಳಿಯಲಿಲ್ಲ. ಸೆರಗು ಜಾರಿದೆಯೇನೋ ಎಂದು ಸರಿಮಾಡಿಕೊಂಡಳು. ಆಗ ಅವಳ ಕಣ್ಣ ಮುಂದೆ ಒಂದು ಪುಟ್ಟ ಪಾದ ಬಂತು. ಹುಗ್ಗಿ ಉಂಡ ಮರುದಿನ ಮಧ್ಯಾಹ್ನ ಉದ್ದವ್ವ ಅಂಗಳದ ಬೇವಿನ ಗಿಡದ ಕೆಳಗೆ ಮಲಗಿದ್ದಳು. ಕಮಲಾಬಾಯಿ ಹೋಗಿ ಕಾಲು ಮುಟ್ಟಿ ನೋಡಿದ್ದಳು. ಹಿಂದಿನ ದಿನ ಕಡ್ಡಿಯಂತಿದ್ದ ಪಾದ ಉಬ್ಬಿ ದುಂಡಗಾಗಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿತ್ತು. ಅವಳು ಸತ್ತೆವ್ವನನ್ನು ಕರೆದು ಹಿಗ್ಗಿನಿಂದ ಹೇಳಿದ್ದಳು: “ನೋಡ ಸತ್ತೆವ್ವ, ಒಂದ ದಿನದಾಗ ನಿನ್ನ ಮಗಳ ಮೈ ತುಂಬೇತಿ!”

ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು. ಎದ್ದು ನಿಲ್ಲಲು ಹೋದಳು, ಕುರ್ಚಿ ಹಿಂದಕ್ಕೆ ಬಿತ್ತು. ಆ ಸದ್ದಿಗೆ ಅವಳೇ ಬೆಚ್ಚಿಬಿದ್ದಳು.

ಹೊರಗಿನ ಪಡಸಾಲೆಯ ಮೆಟ್ಟಿಲ ಮೇಲೆ ವಿದ್ಯಾ ಅವಳಿಗೆ ನೀರು ತಂದುಕೊಟ್ಟಳು. ಕಮಲಾಬಾಯಿ ಲೋಟ ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

“ನಾ ಕೊಂದನೇನ್ರಿ ಆ ಕೂಸಿನ?”

“ಕಾಕೂ, ಮೂವತ್ತು ವರ್ಷದ ಹಿಂದಿನ ಮಾತು. ನೋಡದ ನಾ ಹೆಂಗ ಹೇಳಲಿ? ಹಸದ ಕೂಸಿಗೆ ನೂರಾಎಂಟು ಬ್ಯಾನಿ ಇರ್ತಾವು.”

“ಪಾದ ಬಾತಿದ್ವು. ಒತ್ತಿದ್ರ ಗುಳಿ ಬೀಳತಿತ್ತು. ಮೂರನೇ ದಿನಾ ಮುಂಜಾನೆ ಉಸಿರ ತಗೊಳ್ಳಾಕ ಒದ್ದಾಡಿದಳು. ಈಗ ಹೇಳ್ರಿ.”

ವಿದ್ಯಾ ನೆಲ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದಳು. ಆದರೆ, “ಆಗಿರಬಹುದ್ರಿ,” ಎಂದಳು. “ಬಹಳ ಮಾಡಿ ಅದ ಇರಬೇಕು.”

“ಆಗ ಇದು ಯಾರಿಗೂ ಗೊತ್ತಿರಲಿಲ್ಲೇನು?”

“ಗೊತ್ತಿತ್ತು. ಬಂಗಾಳದ ಬರದಾಗ, ಆ ಯುದ್ಧದಾಗ ಇದನ್ನ ಕಂಡವರು ಬರದಿಟ್ಟಿದ್ರು. ದವಾಖಾನಿ ಪುಸ್ತಕದಾಗ ಇತ್ತು. ನಿಮ್ಮ ಅಂಗಳದ ತನಕಾ ಬಂದಿರಲಿಲ್ಲ, ಅಷ್ಟ. ಕೆಂಪು ಜೋಳ ಕಳಿಸಿದವರು ಅದರ ಜೋಡಿ ಒಂದು ಚೀಟಿ ಬರದು ಕಳಿಸಬೇಕಾಗಿತ್ತು. ಯಾರೂ ಕಳಿಸಲಿಲ್ಲ.”

ಕಮಲಾಬಾಯಿ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ತರಬೇತಿಯ ಚೀಲ ಅಲ್ಲೇ ಉಳಿಯಿತು.

ಸಂಕೇಶ್ವರದ ಬಸ್ಸು ಘಟಪ್ರಭಾ ದಾಟಿ, ಹುಕ್ಕೇರಿ ದಾಟಿ ಹೋಗುವವರೆಗೂ ಅವಳು ಕಿಟಕಿಯ ಸರಳು ಬಿಡಲಿಲ್ಲ. ಜೈನರಾದ ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು. ಸೋಸಿದ ಬಟ್ಟೆಯನ್ನು ಹಿಂಡದೆ, ಅದರಲ್ಲಿ ಕಣ್ಣಿಗೆ ಕಾಣದ ಜೀವ ಇದ್ದರೆ ಅದೂ ಉಳಿಯಲಿ ಎಂದು, ಬಾವಿಯ ನೀರಿಗೇ ತಿರುಗಿ ಬಿಡುವುದು. ಮದುವೆಯಾಗಿ ಬಂದ ದಿನದಿಂದ ಆ ಕೆಲಸ ಅವಳದ್ದೇ. ಅದೇ ಕೈಗಳನ್ನು ಅವಳು ಈಗ ತೊಡೆಯ ಮೇಲೆ ಇಟ್ಟುಕೊಳ್ಳಲಾರದೆ ಸರಳಿಗೆ ಬಿಗಿದಿಟ್ಟಿದ್ದಳು.

ಕಣಗಲಾ ಮುಟ್ಟಿದಾಗ ಇನ್ನೂ ಹೊತ್ತು ಇತ್ತು. ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಭಕ್ತಿ ತಾಟು ಹಾಕಿದ್ದಳು. ಕಮಲಾಬಾಯಿ ಊಟ ಬೇಡವೆಂದು ಹೇಳಿ ನೇರ ಪಡಸಾಲೆಗೆ ಹೋದಳು. ತಾತ್ಯಾಸಾಹೇಬರು ಮರಾಠಿ ಪೇಪರು ಓದುತ್ತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವರ ಮುಖ ನೋಡುತ್ತಿದ್ದಳು. ಅವರು ಗಾಬರಿಯಾಗುತ್ತಾರೆ, ಹಾಗೇನೂ ಇರಲಿಕ್ಕಿಲ್ಲ ಎಂದು ಗದರಿಸುತ್ತಾರೆ ಎಂದುಕೊಂಡಿದ್ದಳು. ಅವರು ಗಾಬರಿಯಾಗಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ, ಮತ್ತೊಂದು ಮಡಿಕೆ ಮಾಡಿ, ಮಂಚದ ಮೇಲೆ ಇಟ್ಟರು.

ಅವಳು ಆ ಮಡಿಕೆಗಳನ್ನು ನೋಡಿದಳು.

“ನಿಮಗ ಗೊತ್ತಿತ್ತು.”

ಅವರು ಕನ್ನಡಕ ತೆಗೆದು ಆ ಪೇಪರಿನ ಮೇಲೆ ಇಟ್ಟರು.

“ಏನ್ರಿ, ನಿಮಗ ಗೊತ್ತಿತ್ತು!”

“ಆ ಕೂಸು ಹೋದ ದಿನಾ ಸರ್ಕಾರಿ ಡಾಕ್ಟರ್ ಬಂದಿದ್ದ ನೋಡು, ಲಸಿಕಿ ಹಾಕಾಕ,” ಎಂದರು ತಾತ್ಯಾಸಾಹೇಬರು ನಿಧಾನವಾಗಿ. “ಕೂಸಿನ ನೋಡಿ, ಇದಕ್ಕ ಏನ ತಿನಸಿದ್ರಿ ಅಂತ ಕೇಳಿದ. ಹುಗ್ಗಿ ಅಂದೆ. ತಲಿಮ್ಯಾಲ ಕೈ ಹೊತ್ತುಕೊಂಡ. ಇನ್ನ ಯಾವ ಕೂಸಿಗೂ ಹಂಗ ಮಾಡಬ್ಯಾಡ್ರಿ ಅಂತ ಹೇಳಿ ಹೋದ. ಅದಕ್ಕ ನಾ ಮರುದಿನಾ ಅಪ್ಪಣಿ ಮಾಡಿದ್ದು.”

“ನನಗ ಯಾಕ ಹೇಳಲಿಲ್ಲ?”

“ಹೆಂಗ ಹೇಳಲಿ ಕಮಲಾ? ನೀ ಎದಿಹಾಲ ಕುಡಿಸೋ ತಾಯಿ ಇದ್ದಿ. ಹೊರಗ ಇನ್ನೂರು ಮಂದಿ ಸಾಲು ಹಚ್ಚಿದ್ರು. ಹೇಳಿದ್ರ ನೀ ಮತ್ತ ಸೌಟ ಹಿಡೀತಿದ್ದೇನು? ಬರಾ ಮುಗೀಲಿ, ಆಮ್ಯಾಲ ಹೇಳೋಣ ಅಂದುಕೊಂಡೆ. ಬರಾ ಮುಗಿಯೂದರಾಗ ನೀ ಊರೆಲ್ಲಾ ಆ ಕತಿ ಹೇಳಿ ಆಗಿತ್ತು. ನಾ ಸುಮ್ಮನಾದೆ.”

ಮೂವತ್ತು ವರ್ಷ ಅವಳು ಈ ಮನುಷ್ಯನಿಗೆ ಕಲ್ಲುಮನಸ್ಸು ಎಂದುಕೊಂಡಿದ್ದಳು. ಬೀಗರ ಮುಂದೆ, ಮಕ್ಕಳ ಮುಂದೆ ಹಾಗೆಂದು ಹಂಗಿಸಿದ್ದಳು. ಅವರು ಪ್ರತಿ ಸಲವೂ ಅಡಿಕೆ ಕತ್ತರಿಸುತ್ತ ಸುಮ್ಮನೆ ಕೇಳಿದ್ದರು. ಈಗ ಅವರ ಮೇಲೆ ಸಿಟ್ಟಾಗಬೇಕೋ, ಅವರ ಕಾಲು ಹಿಡಿಯಬೇಕೋ ಅವಳಿಗೆ ತಿಳಿಯಲಿಲ್ಲ.

“ಸತ್ತೆವ್ವಗ ಗೊತ್ತೈತೇನು?”

“ಇಲ್ಲ. ಡಾಕ್ಟರ್ ನನಗೊಬ್ಬಗ ಹೇಳಿದ್ದ.”

ಸತ್ತೆವ್ವ. ಬರ ಹೋಗಿ ಮತ್ತೆ ಕುರಿ ಕಟ್ಟಿಕೊಂಡ ಮೇಲೆ, ಅವಳೂ ಅವಳ ಗಂಡ ಬೀರಸಿದ್ದಪ್ಪನೂ ವರ್ಷಕ್ಕೊಮ್ಮೆ ಹಿಂಡು ಹೊಡೆದುಕೊಂಡು ಪಡುವಣಕ್ಕೆ ಹೋಗುವಾಗ ಕಣಗಲಾದಲ್ಲಿ ನಿಲ್ಲುತ್ತಿದ್ದರು. ಸತ್ತೆವ್ವ ತಪ್ಪದೆ ಮನೆಗೆ ಬಂದು ಕಮಲಾಬಾಯಿಯ ಕಾಲು ಮುಟ್ಟಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಏನಾದರೂ ಕೊಟ್ಟು ಹೋಗುತ್ತಿದ್ದಳು. ಸಮ್ಮೇದನ ಮದುವೆಗೆ ತಾನೇ ನೂತ ಉಣ್ಣೆಯ ಕಂಬಳಿ ತಂದಿದ್ದಳು. ಐದು ವರ್ಷದ ಹಿಂದೆ ಬೀರಸಿದ್ದಪ್ಪ ತೀರಿಕೊಂಡ ಮೇಲೆ ಕುರಿ ಮಾರಿದರು. ಬರುವುದು ನಿಂತಿತು.

“ನಾ ಹೋಗಿ ಹೇಳಬೇಕು,” ಎಂದಳು ಕಮಲಾಬಾಯಿ.

“ಬ್ಯಾಡ,” ಎಂದರು ತಾತ್ಯಾಸಾಹೇಬರು. “ಹೇಳಿದ್ರ ಆಕಿ ಕೂಸು ತಿರುಗಿ ಬರತೈತೇನು?”

“ಆಕಿ ನನ್ನ ಕಾಲ ಮುಟ್ಟತಿದ್ದಳ್ರಿ! ವರ್ಷಾ ವರ್ಷಾ ಬಂದು ಮುಟ್ಟತಿದ್ದಳು. ನಾ ಮುಟ್ಟಿಸಿಕೊಂಡೇನಿ.”

ಮೂರು ದಿನ ಬಿಟ್ಟು ಅವಳು ಒಬ್ಬಳೇ ಹೋದಳು. ಗೋಕಾಕದಲ್ಲಿ ಬಸ್ಸು ಬದಲಿಸಿ ಮೂಡಲಗಿಗೆ, ಅಲ್ಲಿಂದ ಟೆಂಪೋದಲ್ಲಿ ನಾಲ್ಕು ಮೈಲಿ. ಕಾಲುವೆಯ ಈಚೆಗೆ ಕಬ್ಬು ಹಸಿರಾಗಿ ನಿಂತಿತ್ತು. ಅದರ ಆಚೆಗೆ ಏರು ನೆಲ ಶುರುವಾದ ಕೂಡಲೇ ಹಸಿರೆಲ್ಲ ನಿಂತುಹೋಗಿ, ಬರೀ ಕೆಂಪು ಗರಸು ಮತ್ತು ಜಾಲಿ. ಸತ್ತೆವ್ವನ ಮನೆ ಆ ಏರಿನ ಮೇಲಿತ್ತು.

ಸತ್ತೆವ್ವ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಮಲಾಬಾಯಿಯ ಗುರುತು ಹತ್ತಿದ ಕೂಡಲೇ ಮುಖ ಅರಳಿತು.

“ಅಯ್ಯ, ಬಾಯಾರ! ಬರ್ರಿ, ಬರ್ರಿ. ಈ ಬಿಸಲಾಗ ಹೆಂಗ ಬಂದ್ರಿ?” ಎನ್ನುತ್ತ ಎದ್ದು, ಒಳಗೆ ಸೊಸೆಗೆ ಕೂಗಿ ಹೇಳಿದಳು: “ಚಾಕ ಇಡ! ನಮ್ಮ ಉದ್ದವ್ವಗ ಉಣಿಸಿದ ತಾಯಿ ಬಂದಾರ.”

ಮನೆಯ ಮುಂದೆ ಮಗ ಪ್ರಭು ಸೈಕಲ್ಲಿನ ಚೈನು ಸರಿಮಾಡುತ್ತಿದ್ದ. ಮೂವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯ. ಕೈ ಒರೆಸಿಕೊಂಡು ಬಂದು ನಮಸ್ಕಾರ ಮಾಡಿದ. ಕಾಲು ಮುಟ್ಟಲು ಬಗ್ಗಿದ ಸತ್ತೆವ್ವನ ಎರಡೂ ತೋಳು ಹಿಡಿದು ಕಮಲಾಬಾಯಿ ತಡೆದಳು. ಹಿಡಿದ ಕೈ ಬಿಡದೆಯೇ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ. ಡಾಕ್ಟರು ಹೇಳಿದ್ದನ್ನು, ಪಾದ ಬಾತಿದ್ದನ್ನು, ಗಂಡನಿಗೆ ಗೊತ್ತಿದ್ದದ್ದನ್ನು ಹಿಂದುಮುಂದಾಗಿ ಹೇಳಿ, “ನನ್ನ ಹುಗ್ಗಿ ತಿಂದು ನಿನ್ನ ಮಗಳು ಸತ್ತಳು ಸತ್ತೆವ್ವಾ,” ಎಂದು ಮುಗಿಸಿದಳು.

ಸತ್ತೆವ್ವ ತೋಳು ಬಿಡಿಸಿಕೊಂಡಳು. ಕಟ್ಟೆಯ ಮೇಲೆ ಕುಳಿತಳು. ಕದಿರು ಎತ್ತಿಕೊಂಡು, ನೂಲು ಸುತ್ತಲು ನೋಡಿ, ಸುತ್ತಲಾಗದೆ ಕೆಳಗಿಟ್ಟಳು.

“ಯಾರ ಹೇಳಿದ್ರು?”

“ಡಾಕ್ಟರ್ ಬಾಯಿ.”

“ಖರೇನ?”

“ಖರೆ.”

ಸತ್ತೆವ್ವ ಎದುರಿನ ಜಾಲಿಗಿಡಗಳ ಕಡೆ ಮುಖ ತಿರುಗಿಸಿದಳು. ಸೊಸೆ ಚಹಾ ತಂದು, ಇಬ್ಬರ ಮುಖ ನೋಡಿ, ಲೋಟ ಅಲ್ಲೇ ಇಟ್ಟು ಒಳಗೆ ಹೋದಳು.

“ಹಂಗಾದ್ರ ಅದೂ ಇಲ್ಲ ನನಗ,” ಎಂದಳು ಸತ್ತೆವ್ವ. ದನಿ ಏರಲಿಲ್ಲ. “ಅದೊಂದ ಇಟ್ಟುಕೊಂಡಿದ್ದೆ ಬಾಯಾರ. ಎಂಟ ದಿನಾ ಆ ಹುಡಿಗಿ ಬಾಯಾಗ ನಾ ಒಂದ ಕಾಳ ಹಾಕಿರಲಿಲ್ಲ. ಹುಣಸಿ ಚಿಗುರ, ನೀರ. ಹಿಟ್ಟ ಇತ್ತು. ಎರಡ ಬೊಗಸಿ ಇತ್ತು. ಅದನ್ನ ಇವಗ ಹಾಕಿದೆ. ಇವ ಆಗ ಒಂದೂವರಿ ವರ್ಷದಾಂವ, ನನ್ನ ಎದಿಯಾಗ ಹಾಲ ಬತ್ತಿತ್ತು. ಎರಡೂ ಉಳಿಯೂದಿಲ್ಲ ಅಂತ ಕಂಡಿತ್ತು ನನಗ. ಗಂಡು ಉಳೀಲಿ ಅಂದೆ. ನಾ ಅಂದದ್ದಲ್ಲ, ಎಲ್ಲಾರೂ ಹಂಗ ಅಂತಿದ್ರು. ಆದ್ರ ಹಾಕಿದ ಕೈ ನಂದ.”

ಪ್ರಭು ಕೈಯಲ್ಲಿದ್ದ ಎಣ್ಣೆ ಅರಿವೆಯನ್ನು ಹಿಡಿದುಕೊಂಡೇ ನಿಂತಿದ್ದ. ತನಗೊಬ್ಬ ಅಕ್ಕ ಇದ್ದಳೆಂದು ಅವನಿಗೆ ಗೊತ್ತಿತ್ತು. ಬರದಲ್ಲಿ ಜ್ವರ ಬಂದು ಸತ್ತಳು ಎಂದಷ್ಟೇ ಗೊತ್ತಿತ್ತು.

“ಅವ್ವಾ,” ಎಂದ.

ಸತ್ತೆವ್ವ ಅವನ ಕಡೆ ತಿರುಗಲಿಲ್ಲ. “ಹಿಟ್ಟ ಕಲಿಸುವಾಗ ಆಕಿ ಬಂದು ಬಾಜೂ ಕುಂದರತಿದ್ದಳು. ಕೇಳತಿದ್ದಿಲ್ಲ. ಸುಮ್ಮನ ನೋಡತಿದ್ದಳು. ಅದನ್ನ ನೆನಸಿದಾಗೆಲ್ಲಾ ನಾ ಏನ ಅಂದುಕೋತಿದ್ದೆ ಗೊತ್ತೇನ್ರಿ? ಕಡೀಕ ಒಂದ ದಿನಾ ಆದ್ರೂ ಹೊಟ್ಟಿ ತುಂಬ ಉಂಡಳು, ಹುಗ್ಗಿ ಉಂಡಳು, ಪುಣ್ಯಾತಗಿತ್ತಿ ಒಬ್ಬಾಕಿ ಉಣಿಸಿದಳು. ಅದನ್ನ ಅಂದುಕೊಂಡ ಮಲಗತಿದ್ದೆ. ಮೂವತ್ತ ವರ್ಷ.”

ಪ್ರಭು ಅರಿವೆಯನ್ನು ನೆಲಕ್ಕೆ ಬಿಟ್ಟು ಜಾಲಿಯ ಕಡೆಗೆ ನಡೆದುಹೋದ. ಚಪ್ಪಲಿ ಕೂಡ ಮೆಟ್ಟಿಕೊಳ್ಳಲಿಲ್ಲ.

“ಸತ್ತೆವ್ವಾ…”

“ಯಾಕ ಹೇಳಿದ್ರಿ?” ಸತ್ತೆವ್ವ ಈಗ ನೇರವಾಗಿ ಅವಳನ್ನು ನೋಡಿದಳು. “ನಿಮ್ಮ ಎದಿ ಹಗುರ ಮಾಡಿಕೊಳ್ಳಾಕ ಬಂದ್ರಿ. ಹಗುರ ಆತಿಲ್ಲೋ? ಹೋಗ್ರಿ.”

ಹಗುರವಾಗಿರಲಿಲ್ಲ. ಅದನ್ನು ಹೇಳುವ ಹಕ್ಕು ತನಗಿಲ್ಲವೆಂದು ಕಮಲಾಬಾಯಿಗೆ ತಿಳಿಯಿತು. ಅವಳು ಎದ್ದು ಹೊರಟಳು. ಚಹಾ ಹಾಗೇ ಉಳಿಯಿತು.

ಟೆಂಪೋ ನಿಲ್ಲುವ ಜಾಗದಲ್ಲಿ ಒಂದೇ ಒಂದು ನೆರಳಿರಲಿಲ್ಲ. ಸೆರಗು ತಲೆಯ ಮೇಲೆ ಹೊದ್ದು ಅರ್ಧ ತಾಸು ನಿಂತಿರಬೇಕು. ಹಿಂದಿನಿಂದ ಪ್ರಭು ಬಂದ. ಬರಿಗಾಲು ಬಿಸಿನೆಲಕ್ಕೆ ಸುಡುತ್ತಿರಬೇಕು, ಅವನಿಗೆ ಅದರ ಖಬರು ಇರಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. ಬೈಯುತ್ತಾನೆ ಎಂದುಕೊಂಡಳು.

“ಉಂಡಮ್ಯಾಲ ಅಕ್ಕ ನಕ್ಕಳು ಅಂತ ಅವ್ವ ಯಾವಾಗ್ಲೂ ಹೇಳತಿದ್ದಳು,” ಎಂದ. “ಅದಾದ್ರೂ ಖರೇನ್ರಿ?”

“ಅದು ಖರೆ ಐತಿ ತಮ್ಮಾ.”

ಅವನು ತಲೆದೂಗಿದ. ಟೆಂಪೋ ಬರುವತನಕ ಅವನು ಅಲ್ಲೇ ನಿಂತಿದ್ದ. ಬಂದ ಮೇಲೆ ಅವನೇ ಕೈ ಮಾಡಿ ನಿಲ್ಲಿಸಿದ.

ಮೇ ತಿಂಗಳ ಮೊದಲ ವಾರ ಸತ್ತೆವ್ವನ ಊರಿನ ಸಾಲೆಯಲ್ಲಿ ಗಂಜಿ ಕೇಂದ್ರ ಶುರುವಾಯಿತು. ವಿದ್ಯಾ ಕಣಗಲಾದ ಮನೆಗೆ ಎರಡು ಸಲ ಫೋನು ಮಾಡಿದಳು. ಮೊದಲ ಸಲ ಕಮಲಾಬಾಯಿ ಫೋನಿಗೆ ಬರಲಿಲ್ಲ. ಎರಡನೇ ಸಲ ಬಂದು, “ನನ್ನ ಕೈಯಾಗ ಸೌಟ ಕೊಡಬ್ಯಾಡ್ರಿ ಬಾಯಿ,” ಎಂದಳು.

“ಸೌಟ ಕೊಡೂದಿಲ್ಲ ಕಾಕೂ. ಅಳತಿ ಮಾಡೋ ಕೆಲಸ ಕೊಡತೇನಿ. ನಲವತ್ತು ಮಂದಿಗೆ ಕಲಿಸಿದೆ. ಅಳೋ ಕೂಸಿನ ಮುಂದ ಅಳತಿ ಪಾಲಿಸೋವರು ಅದರಾಗ ಎಷ್ಟು ಮಂದಿ ಅದಾರೋ ನನಗ ಗೊತ್ತಿಲ್ಲ. ನೀವು ಪಾಲಿಸ್ತೀರಿ.”

ತಾತ್ಯಾಸಾಹೇಬರು ಅವಳ ಬಟ್ಟೆಯ ಚೀಲವನ್ನು ಹಿಡಿದುಕೊಂಡು ಹೆದ್ದಾರಿಯ ತನಕ ಬಂದು ಬಸ್ಸು ಹತ್ತಿಸಿದರು.

ಕೇಂದ್ರಕ್ಕೆ ಬಂದ ಮಕ್ಕಳ ತೋಳಿಗೆ ವಿದ್ಯಾ ಒಂದು ಬಣ್ಣದ ಪಟ್ಟಿ ಸುತ್ತಿ ಅದರ ದಪ್ಪ ಅಳೆದು ನೋಡುತ್ತಿದ್ದಳು. ಹಸಿರಿಗೆ ಬಂದವರು ಹೊರಗೆ ಗಂಜಿಯ ಸಾಲಿಗೆ. ತೀರ ಸೊರಗಿ ಕೆಂಪಿಗೆ ಬಂದವರು ಒಳಗಿನ ಕೋಣೆಗೆ, ಅವಳ ಕಣ್ಣೆದುರಿಗೆ. ಎರಡನೇ ದಿನ ರಾಮವ್ವ ಎಂಬ ಕೂಲಿಯಾಕೆ ತನ್ನ ಎರಡು ವರ್ಷದ ಮಗಳನ್ನು ಹೊತ್ತು ತಂದಳು. ಪಟ್ಟಿಯ ಕೆಂಪು ದಾಟಿಯೂ ಇನ್ನೂ ಬಿಗಿಯಬೇಕಾಯಿತು. ಗೋಕಾಕದ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದರೆ, ಮನೆಯಲ್ಲಿ ಇನ್ನೆರಡು ಕೂಸು ಇವೆ, ಎಲ್ಲಿ ಬಿಡಲಿ ಎಂದು ರಾಮವ್ವ ಒಪ್ಪಲಿಲ್ಲ. ವಿದ್ಯಾ ಅಲ್ಲೇ ಒಂದು ಹಾಸಿಗೆ ಹಾಕಿಸಿದಳು.

ಹಾಲು, ಸಕ್ಕರೆ, ಎಣ್ಣೆ, ಕುದಿಸಿ ಆರಿಸಿದ ನೀರು, ಡಾಕ್ಟರು ಕೊಟ್ಟ ಪುಡಿ. ಎರಡು ತಾಸಿಗೊಮ್ಮೆ ಒಂದು ಸಣ್ಣ ಬಟ್ಟಲು, ಚಮಚದಿಂದ. ಮೊದಲ ದಿನ ಕೂಸಿಗೆ ನುಂಗುವ ಶಕ್ತಿಯೂ ಇರಲಿಲ್ಲ. ಎರಡನೇ ದಿನ ಮಧ್ಯಾಹ್ನ ಅದಕ್ಕೆ ಹಸಿವು ಎಚ್ಚರವಾಯಿತು. ಬಟ್ಟಲು ಖಾಲಿಯಾದ ಕೂಡಲೇ ಅದರ ಅಂಚು ಕಚ್ಚಿ ಹಿಡಿದು ಅಳತೊಡಗಿತು. ಅಷ್ಟು ಸಣ್ಣ ದೇಹದಿಂದ ಅಂಥ ದನಿ ಹೊರಡಬಹುದೆಂದು ಯಾರಿಗೂ ಅನಿಸಿರಲಿಲ್ಲ.

“ಇನ್ನೊಂದೀಟ ಹಾಕ್ರಿ ತಾಯಿ,” ಎಂದಳು ರಾಮವ್ವ. “ಪಾತೇಲಿ ತುಂಬ ಐತಿ.”

“ಇನ್ನ ಎರಡ ತಾಸು ಆಗಲಿ.”

“ಕೂಸು ಕೇಳಾಕತ್ತೈತಿ! ನಿಮಗ ಮಕ್ಕಳಿಲ್ಲೇನ್ರಿ?”

“ಅದಾವು. ಎರಡ ತಾಸು ಆಗಲಿ.”

ಕಮಲಾಬಾಯಿ ಪಾತ್ರೆಯ ಮೇಲೆ ಮುಚ್ಚಳ ಹಾಕಿ ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಳು. ರಾಮವ್ವ ಬೈದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣಿ ಎಂದಳು, ಪಾಪಿ ಎಂದಳು. ಕಮಲಾಬಾಯಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಆಮೇಲೆ ರಾಮವ್ವ ಎದ್ದು ಬಂದು ಮುಚ್ಚಳಕ್ಕೇ ಕೈ ಹಾಕಿದಳು.

“ಬಿಡ. ಮುಟ್ಟಬ್ಯಾಡ ಅದನ್ನ.”

ಬಾಗಿಲಲ್ಲಿ ಸತ್ತೆವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಒಳಗೆ ಬಂದು ರಾಮವ್ವನ ಕೈ ಹಿಡಿದು ಎಳೆದು ಗೋಡೆಯ ಬದಿಗೆ ಕೂರಿಸಿದಳು. ಅಳುವ ಕೂಸನ್ನು ತಾನೇ ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

“ಈಕಿ ಎಷ್ಟ ಅಂತಾಳೋ ಅಷ್ಟ ಕೊಡಬೇಕು. ಹನಿ ಹೆಚ್ಚ ಇಲ್ಲ,” ಎಂದಳು ರಾಮವ್ವನಿಗೆ.

“ಯಾಕಬೇ ಯವ್ವಾ?”

ಸತ್ತೆವ್ವ ಕೂಸಿನ ಪಾದವನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಗುಳಿ ಬೀಳಲಿಲ್ಲ. ಮತ್ತೊಂದು ಪಾದ ಒತ್ತಿದಳು. ಕಮಲಾಬಾಯಿ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಅಂದಿನಿಂದ ಸತ್ತೆವ್ವ ದಿನವೂ ಬಂದಳು. ಮುಂಜಾನೆ ಬಂದು ಹೊತ್ತು ಇಳಿಯುವಾಗ ಹೋಗುತ್ತಿದ್ದಳು. ಕಮಲಾಬಾಯಿಯ ಜೊತೆ ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕೋಣೆಯಲ್ಲಿ ಇನ್ನೂ ನಾಲ್ಕು ಮಕ್ಕಳು ಸೇರಿದವು. ಕಮಲಾಬಾಯಿ ಅಳೆಯುವುದು, ಸತ್ತೆವ್ವ ಕುಡಿಸುವುದು, ಅಳುವ ತಾಯಂದಿರನ್ನು ಹಿಡಿದು ಕೂರಿಸುವುದು. ಒಂದು ದಿನ ಪ್ರಭು ಬಂಡಿಯಲ್ಲಿ ಕಟ್ಟಿಗೆ ತಂದು ಹಾಕಿ, ತಾಯಿಯ ಮುಖ ನೋಡದೆ ಹೋದ. ಮರುವಾರ ಮತ್ತೆ ತಂದ. ಆಗ ಸ್ವಲ್ಪ ಹೊತ್ತು ಅವಳ ಪಕ್ಕದಲ್ಲಿ ಕುಳಿತು ಹೋದ.

ಹನ್ನೊಂದನೇ ದಿನ ರಾಮವ್ವನ ಮಗಳು ತಾನಾಗಿ ಎದ್ದು ಕುಳಿತಳು. ವಿದ್ಯಾ ಪಟ್ಟಿ ಸುತ್ತಿ ನೋಡಿ, ಇನ್ನು ಮೆತ್ತಗೆ ಮೆತ್ತಗೆ ಗಟ್ಟಿ ಊಟಕ್ಕೆ ಹೋಗಬಹುದು ಎಂದಳು. ರಾಮವ್ವ ತಾನು ಬೈದದ್ದನ್ನು ಮರೆತವಳಂತೆ ಕಮಲಾಬಾಯಿಯ ಕಾಲಿಗೆ ಬಗ್ಗಿದಳು. ಕಮಲಾಬಾಯಿ ಎರಡು ಹೆಜ್ಜೆ ಹಿಂದಕ್ಕೆ ಸರಿದು, “ಬ್ಯಾಡ ತಂಗಿ, ಕಾಲ ಮುಟ್ಟಬ್ಯಾಡ,” ಎಂದು ಗಾಬರಿಯಿಂದ ಕೈ ಅಡ್ಡ ಹಿಡಿದಳು. ಅವಳ ದನಿ ಕೇಳಿ ಸತ್ತೆವ್ವ ಒಮ್ಮೆ ತಲೆ ಎತ್ತಿ ನೋಡಿದಳು.

ಆ ದಿನ ಇಳಿಹೊತ್ತಿನಲ್ಲಿ ಸತ್ತೆವ್ವ ಮನೆಗೆ ಹೊರಟಾಗ ಕಮಲಾಬಾಯಿ ಸಾಲೆಯ ಗೇಟಿನ ತನಕ ಹೋದಳು. ಹೇಳಬೇಕೋ ಬೇಡವೋ ಎಂದು ನಿಂತು, ಕೊನೆಗೆ ಹೇಳಿದಳು:

“ಮಳಿ ಆದಮ್ಯಾಲ ಒಮ್ಮೆ ಕಣಗಲಾಕ ಬಾ ಸತ್ತೆವ್ವಾ.”

ಸತ್ತೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು.

“ಇಲ್ಲೆ ನಾಳೆ ಬರತೇನಿ,” ಎಂದಳು. “ನಿಮ್ಮ ಮನಿಗೆ ಬರೂದಿಲ್ಲ ಬಾಯಾರ.”

“ಆತು,” ಎಂದಳು ಕಮಲಾಬಾಯಿ.

ಸತ್ತೆವ್ವ ಏರಿನ ದಾರಿ ಹಿಡಿದು ಹೋದಳು. ಒಳಗೆ ಯಾವುದೋ ಕೂಸು ಅಳಲು ಶುರುಮಾಡಿತು. ಕಮಲಾಬಾಯಿ ಗಡಿಯಾರ ನೋಡಿದಳು. ಇನ್ನೂ ಇಪ್ಪತ್ತು ನಿಮಿಷ ಇತ್ತು. ಅವಳು ಒಳಗೆ ಹೋಗಿ ಆ ಕೂಸನ್ನು ಎತ್ತಿಕೊಂಡು, ಇಪ್ಪತ್ತು ನಿಮಿಷ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡಿದಳು.